ಮೂರು ಗಂಟೆಗೆ ಎಚ್ಚರ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಪ್ರಶ್ನೆ: ಐದು ತಿಂಗಳ ಹಿಂದೆ ಬಡ್ತಿ ಸಿಕ್ಕಿತು. ಈಗ ಒಂಬತ್ತು ಜನರ ತಂಡ ನೋಡಿಕೊಳ್ಳುತ್ತೇನೆ. ಹನ್ನೊಂದಕ್ಕೆ ಮಲಗಿದರೆ ಸುಸ್ತಿಗೆ ನಿದ್ದೆ ಬರುತ್ತದೆ. ಆದರೆ ಮೂರಕ್ಕೆ ಸರಿಯಾಗಿ ಎಚ್ಚರ. ನಾಳೆಯ ಮೀಟಿಂಗು, ಮುಗಿಸದ ರಿಪೋರ್ಟು, ಬಾಸ್ ಹೇಳಿದ ಒಂದು ಮಾತು, ಇವೇ ತಲೆಯಲ್ಲಿ ಸುತ್ತುತ್ತವೆ. ನಿದ್ದೆ ಮಾತ್ರೆ ತೆಗೆದುಕೊಳ್ಳಲೇ?

---

ನಿಮ್ಮ ಪತ್ರ ಓದಿ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ಇದು ನನ್ನದೇ ಕಥೆ. ನಾನು ಲೆಕ್ಕಪತ್ರ ವಿಭಾಗದಲ್ಲಿದ್ದವನು. ವರ್ಷದ ಲೆಕ್ಕ ಮುಗಿಸುವ ದಿನಗಳಲ್ಲಿ ನಡುರಾತ್ರಿ ಎದ್ದು, ತಾಳೆಯಾಗದ ಮೊತ್ತವನ್ನು ಕತ್ತಲಲ್ಲೇ ಕೂಡಿಸುತ್ತಿದ್ದೆ. ಬೆಳಗ್ಗೆ ನೋಡಿದರೆ ಅದು ಐದು ನಿಮಿಷದ ಕೆಲಸ! ಅದಕ್ಕಿಂತ ಕೆಟ್ಟದ್ದು ಇನ್ನೊಂದು ಲೆಕ್ಕ. "ಈಗ ನಿದ್ದೆ ಬಂದರೆ ಮೂರು ಗಂಟೆ ಸಿಗುತ್ತೆ... ಈಗ ಬಂದರೆ ಎರಡೂವರೆ." ಕೊನೆಗೆ ಗಡಿಯಾರದ ಮುಖವನ್ನು ಗೋಡೆಗೆ ತಿರುಗಿಸಿಟ್ಟೆ. ಅರ್ಧ ಕಾಟ ಅಲ್ಲಿಗೇ ಹೋಯಿತು.

ಇನ್ನರ್ಧ ಹೋದದ್ದು ಒಂದು ನೋಟ್‌ಬುಕ್ಕಿನಿಂದ. ಮಲಗುವ ಮುಂಚೆ ಐದು ನಿಮಿಷ, ನಾಳೆ ಮಾಡಬೇಕಾದ್ದನ್ನು ಬರೆಯುವುದು. 2018ರಲ್ಲಿ ಅಮೆರಿಕದಲ್ಲಿ 57 ಯುವಜನರ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದರು. ನಾಳೆಯ ಕೆಲಸ ಬರೆದವರು, ಮುಗಿಸಿದ ಕೆಲಸ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹೋದರಂತೆ. ಒಂಬತ್ತು ನಿಮಿಷ ಏನು ಮಹಾ ಅನ್ನಬಹುದು. ಮಗ್ಗುಲು ಬದಲಿಸುತ್ತಾ ಬಿದ್ದುಕೊಂಡವರನ್ನು ಕೇಳಿ! "ರಿಪೋರ್ಟ್" ಅಂತಷ್ಟೇ ಬರೆಯಬೇಡಿ. "ಮೂರನೇ ಪುಟದ ಅಂಕಿ ಸರಿಮಾಡಬೇಕು, ಹತ್ತು ಗಂಟೆಯೊಳಗೆ" ಅಂತ ಬಿಡಿಸಿ ಬರೆಯಿರಿ. ಆಗಲೇ ತಲೆ ಅದನ್ನು ಕೈಬಿಡುವುದು.

— ಒಬ್ಬ ನಿವೃತ್ತ ಅಕೌಂಟೆಂಟ್

---

ಮೂರು ಗಂಟೆಯೇ ಯಾಕೆ ಅಂತ ನಿಮಗೆ ಅನ್ನಿಸಿರಬಹುದು. ಗಾಢ ನಿದ್ದೆ ಹೆಚ್ಚಾಗಿ ಬರುವುದು ರಾತ್ರಿಯ ಮೊದಲರ್ಧದಲ್ಲಿ. ಆಮೇಲಿನ ನಿದ್ದೆ ತೆಳು, ಕನಸು ಜಾಸ್ತಿ. ಆ ಹೊತ್ತಿನಲ್ಲಿ ಎಲ್ಲರಿಗೂ ಒಂದೆರಡು ಬಾರಿ ಎಚ್ಚರವಾಗುತ್ತದೆ. ಹೆಚ್ಚಿನವರು ಹೊದಿಕೆ ಎಳೆದುಕೊಂಡು ಮತ್ತೆ ಮಲಗುತ್ತಾರೆ, ಬೆಳಗ್ಗೆ ನೆನಪೂ ಇರುವುದಿಲ್ಲ. ಒತ್ತಡದಲ್ಲಿರುವವರ ಮೈ ಮಾತ್ರ ಕಾವಲು ಕಾಯುತ್ತಲೇ ಇರುತ್ತದೆ. ರಾತ್ರಿ ಇಳಿದಿರಬೇಕಾದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಪೂರ್ತಿ ಇಳಿದಿರುವುದಿಲ್ಲ. ಹಾಗಾಗಿ ಸಣ್ಣ ಎಚ್ಚರವೂ ಪೂರ್ತಿ ಎಚ್ಚರವಾಗಿಬಿಡುತ್ತದೆ. ಎದ್ದದ್ದು ತೊಂದರೆಯಲ್ಲ, ಎದ್ದ ಮೇಲೆ ಹಾಸಿಗೆಯಲ್ಲೇ ಮೀಟಿಂಗ್ ಶುರುಮಾಡುತ್ತೀರಲ್ಲ, ಅದು ತೊಂದರೆ.

ದಿನಾ ಹೀಗಾದರೆ, ದಿಂಬಿಗೆ ತಲೆ ಕೊಡುವುದೆಂದರೆ ಚಿಂತೆ ಮಾಡುವುದು ಅಂತ ಮಿದುಳು ಕಲಿತುಬಿಡುತ್ತದೆ. ಈ ಪಾಠ ಮರೆಸುವ ದಾರಿಯನ್ನು ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞರು 1972ರಲ್ಲೇ ಹೇಳಿದ್ದರು. ಇಪ್ಪತ್ತು ನಿಮಿಷವಾಯಿತು ಅನ್ನಿಸಿದರೆ (ಗಡಿಯಾರ ನೋಡಬೇಡಿ, ಅಂದಾಜು ಸಾಕು) ಎದ್ದು ಬೇರೆ ಕಡೆ ಹೋಗಿ ಕೂತುಕೊಳ್ಳಿ. ಮಂದ ಬೆಳಕು, ಮಜಾ ಇಲ್ಲದ ಪುಸ್ತಕ. ಫೋನ್ ಬೇಡವೇ ಬೇಡ. ಕಣ್ಣು ಎಳೆಯುವಾಗ ಮಾತ್ರ ವಾಪಸ್ ಬನ್ನಿ. ರಾತ್ರಿ ಎಷ್ಟೇ ಹಾಳಾಗಿದ್ದರೂ ಬೆಳಗ್ಗೆ ಏಳುವ ಹೊತ್ತು ಒಂದೇ ಇರಲಿ, ರಜೆಯ ದಿನವೂ. ಮೊದಲ ವಾರ ನನ್ನನ್ನು ಬೈದುಕೊಳ್ಳುತ್ತೀರಿ. ಸಾಮಾನ್ಯವಾಗಿ ಎರಡನೆಯ, ಮೂರನೆಯ ವಾರದಲ್ಲಿ ವ್ಯತ್ಯಾಸ ಕಾಣುತ್ತದೆ.

ಮಾತ್ರೆಯ ವಿಚಾರ. ಈ ಬಗೆಯ ಅಭ್ಯಾಸಗಳನ್ನೂ ಚಿಂತೆಯನ್ನು ನೋಡುವ ರೀತಿಯನ್ನೂ ಸೇರಿಸಿ ಮಾಡುವ ಚಿಕಿತ್ಸೆಗೆ ಸಿಬಿಟಿ-ಐ ಅನ್ನುತ್ತಾರೆ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲೇ ಹೇಳಿದೆ. ಸುಮ್ನೆ ಯಾರದ್ದೋ ಮಾತ್ರೆ ಇಸ್ಕೊಂಡು ನುಂಗಬೇಡಿ. ವಾರಕ್ಕೆ 3 ರಾತ್ರಿಯಾದರೂ ಹೀಗಾಗುತ್ತಾ 3 ತಿಂಗಳು ದಾಟಿದರೆ ಅದು ದೀರ್ಘಕಾಲದ್ದು ಅಂತಲೇ ಲೆಕ್ಕ. ನಿಮ್ಮದು ಅಲ್ಲಿಗೆ ಬಂದಿದೆ ಅನ್ನಿಸುತ್ತದೆ, ವೈದ್ಯರನ್ನು ಕಾಣಿ. ಜೋರು ಗೊರಕೆ, ಉಸಿರುಗಟ್ಟಿ ಏಳುವುದು ಇದ್ದರೆ ಅದನ್ನೂ ಮರೆಯದೆ ಹೇಳಿ. ಅದರ ಚಿಕಿತ್ಸೆಯೇ ಬೇರೆ.

— ಒಬ್ಬ ಆಪ್ತಸಮಾಲೋಚಕಿ

---

ಸಂಜೆ ಐದಕ್ಕೆ ಕುಡಿದ ಕಾಫಿಯ ಕೆಫೀನ್ ರಾತ್ರಿ ಹತ್ತಕ್ಕೂ ಹೆಚ್ಚುಕಡಿಮೆ ಅರ್ಧ ಮೈಯಲ್ಲೇ ಇರುತ್ತದೆ, ಗೊತ್ತಾ? ನಮ್ಮ ಯಜಮಾನರು ನಂಬಲಿಲ್ಲ. "ನಾನು ಕಾಫಿ ಕುಡಿದೂ ಚೆನ್ನಾಗಿ ನಿದ್ದೆ ಮಾಡ್ತೀನಿ" ಅನ್ನುತ್ತಿದ್ದರು. ನಿದ್ದೆ ಮಾಡುತ್ತಿದ್ದರು, ಆಮೇಲೆ ಮೂರಕ್ಕೆ ಎದ್ದು ಫೋನ್ ಹಿಡಿಯುತ್ತಿದ್ದರು. ಆ ಬೆಳಕಿಗೆ ಎಚ್ಚರವಾಗುತ್ತಿದ್ದುದು ನನಗೆ! ಒತ್ತಡಕ್ಕೆ ಅಂತ ಎರಡು ಪೆಗ್ ಹಾಕುವ ಅಭ್ಯಾಸವಿದ್ದರೆ ಅದನ್ನೂ ನೋಡಿಕೊಳ್ಳಿ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ರಾತ್ರಿಯ ಎರಡನೇ ಅರ್ಧ ಚೂರುಚೂರಾಗುತ್ತದೆ.

— ಪಕ್ಕದಲ್ಲಿ ಮಲಗುವವಳು

---

ಎಲ್ಲರೂ ನಿಮಗೆ ನಿದ್ದೆ ರಿಪೇರಿ ಹೇಳಿಕೊಡುತ್ತಾರೆ. ಕೆಲಸ ರಿಪೇರಿ ಮಾಡುವವರು ಯಾರು? ನಾನೂ ತಂಡ ನಡೆಸಿದವನೇ. ಬಡ್ತಿ ಸಿಕ್ಕವರು ಮಾಡುವ ತಪ್ಪು ಒಂದೇ. ಹಳೆಯ ಕೆಲಸ ಬಿಡುವುದಿಲ್ಲ, ಹೊಸದು ತಲೆಮೇಲೆ ಬಿದ್ದಿರುತ್ತದೆ. ಆ ರಿಪೋರ್ಟ್ ನೀವೇ ಯಾಕೆ ಬರೆಯಬೇಕು? ಒಂಬತ್ತು ಜನ ಇದ್ದಾರಲ್ಲ! ಫ್ರಾನ್ಸಿನಲ್ಲಿ, ಕೆಲಸದ ಹೊತ್ತು ಮುಗಿದ ಮೇಲೆ ಇಮೇಲ್, ಫೋನಿನಿಂದ ದೂರವಿರುವ ಹಕ್ಕಿನ ಕಾನೂನು 2017ರಿಂದ ಜಾರಿಯಲ್ಲಿದೆ. ಎಲ್ಲ ಕಡೆ ಅಂಥ ಕಾನೂನು ಇಲ್ಲ ಬಿಡಿ. ಆದರೆ "ಈ ಮೂರರಲ್ಲಿ ಯಾವುದು ತಡವಾದರೆ ಪರವಾಗಿಲ್ಲ?" ಅಂತ ಬಾಸನ್ನು ಕೇಳೋಕೆ ಕಾನೂನು ಬೇಕಿಲ್ಲ ಅಲ್ವಾ?

ಬಾಸ್ ಹೇಳಿದ ಆ ಮಾತು ಏನು ಅಂತ ನೀವು ಬರೆದಿಲ್ಲ. ನನಗೂ ಒಮ್ಮೆ ಅಂಥದ್ದೊಂದು ಮಾತು ಬಂದಿತ್ತು. "ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ" ಅಂದಿದ್ದರು. ಎಂಟು ದಿನ ಸರಿಯಾಗಿ ಮಲಗಲಿಲ್ಲ. ಒಂಬತ್ತನೇ ದಿನ ಧೈರ್ಯ ಮಾಡಿ ಹೋಗಿ ಕೇಳಿದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ನಾನಾ? ಯಾವಾಗ ಹೇಳಿದೆ?"

— ಮಾಜಿ ಮ್ಯಾನೇಜರ್