ಎಂಬಸಿಯ ಪೊಲಿಟಿಕಲ್ ಸೆಕ್ಷನ್‌ನೋರು ದಿನಾ ಮಾಡೋ ಕೆಲ್ಸ ಏನು?

ಮಳೆಬಿಲ್ಲು:
ಎಲ್ರಿಗೂ ನಮಸ್ಕಾರ. ಎಂಬಸೀಲಿ ವೀಸಾ ಕೊಡೋರು, ವ್ಯಾಪಾರ ನೋಡ್ಕೊಳ್ಳೋರ ಕೆಲ್ಸ ಅರ್ಥ ಆಗತ್ತೆ, ಆದ್ರೆ ಪೊಲಿಟಿಕಲ್ ಸೆಕ್ಷನ್‌ನಲ್ಲಿರೋ ಫಸ್ಟ್ ಸೆಕ್ರೆಟರಿ, ಕೌನ್ಸೆಲರ್ ಇವ್ರೆಲ್ಲ ಏನ್ ಮಾಡ್ತಾರೆ? ಸುದ್ದಿ ಎಲ್ಲಾ ನೆಟ್‌ನಲ್ಲೇ ಸಿಗೋವಾಗ ಅಲ್ಲೇ ಕೂತು ವರದಿ ಬರೆಯೋಕೆ ಜನ ಯಾಕೆ ಬೇಕು? ಇದಕ್ಕೂ ಗೂಢಚಾರಿಕೆಗೂ ವ್ಯತ್ಯಾಸ ಏನು?

ದೂರದಾರಿ:
ಸುದ್ದಿ ಕಳಿಸೋದು ಅವ್ರ ಕೆಲ್ಸ ಅಲ್ಲ ಸರ್, ಸುದ್ದಿಯ ಅರ್ಥ ಕಳಿಸೋದು. ಒಬ್ಬ ಮಂತ್ರಿ ರಾಜೀನಾಮೆ ಕೊಟ್ರೆ ಅದು ಎಲ್ಲಾ ಕಡೆ ಬರತ್ತೆ, ಆದ್ರೆ ಅವ್ರ ಹಿಂದೆ ಎಷ್ಟು ಜನ ಹೋಗ್ತಾರೆ, ಸರ್ಕಾರ ಉಳಿಯತ್ತಾ, ನಮ್ಮ ಜೊತೆ ಮಾಡ್ಕೊಂಡಿರೋ ಒಪ್ಪಂದದ ಗತಿ ಏನು ಅನ್ನೋದನ್ನ ಹೇಳೋಕೆ ಆಡಳಿತ ಪಕ್ಷ, ವಿರೋಧ ಪಕ್ಷ, ಪತ್ರಕರ್ತರು, ಪ್ರೊಫೆಸರ್‌ಗಳು ಎಲ್ರ ಜೊತೆನೂ ವರ್ಷಗಟ್ಲೆ ಮಾತುಕತೆ ಇಟ್ಕೊಂಡಿರ್ಬೇಕು, ಆ ಭಾಷೆನೂ ಬರ್ಬೇಕು. 1946ರ ಫೆಬ್ರವರಿ 22ಕ್ಕೆ ಮಾಸ್ಕೋದಿಂದ ಅಮೆರಿಕದ ರಾಜತಾಂತ್ರಿಕ ಜಾರ್ಜ್ ಕೆನನ್ ಕಳಿಸಿದ ಉದ್ದದ ಟೆಲಿಗ್ರಾಂ ನೋಡಿ. ಸೋವಿಯತ್ ಸರ್ಕಾರ ಯಾಕೆ ಹೀಗೆ ನಡ್ಕೊಳ್ತಿದೆ ಅಂತ ವಾಷಿಂಗ್ಟನ್ ಕೇಳಿತ್ತು, ರಷ್ಯನ್ ಚೆನ್ನಾಗಿ ಬಲ್ಲ, ಅಲ್ಲಿ ವರ್ಷಗಟ್ಲೆ ಇದ್ದ ಮನುಷ್ಯ ಬರೆದ ಆ ಉತ್ತರ ಅಮೆರಿಕದ ಶೀತಲ ಸಮರದ ನೀತಿಗೇ ಬುನಾದಿ ಆಯ್ತು.

ನೀಲಿಶಾಯಿ:
ಗೂಢಚಾರಿಕೆ ಪ್ರಶ್ನೆಗೆ ಉತ್ತರ ರಾಜತಾಂತ್ರಿಕ ಸಂಬಂಧಗಳ ಬಗ್ಗೆ ದೇಶಗಳು ಮಾಡ್ಕೊಂಡ 1961ರ ವಿಯೆನ್ನಾ ಒಪ್ಪಂದದಲ್ಲೇ ಇದೆ. 3ನೇ ವಿಧಿ ಪ್ರಕಾರ ಆ ದೇಶದ ಸ್ಥಿತಿಗತಿನ ಕಾನೂನುಬದ್ಧ ದಾರೀಲಿ ತಿಳ್ಕೊಂಡು ತಮ್ಮ ಸರ್ಕಾರಕ್ಕೆ ವರದಿ ಮಾಡೋದು ರಾಯಭಾರ ಕಚೇರಿಯ ಅಧಿಕೃತ ಕೆಲ್ಸ. ವಿರೋಧ ಪಕ್ಷದ ನಾಯಕರನ್ನ ಭೇಟಿ ಮಾಡ್ಬಹುದು, ಅವ್ರಿಗೆ ಎಲೆಕ್ಷನ್ ಗೆಲ್ಲೋಕೆ ಸಹಾಯ ಮಾಡೋ ಹಾಗಿಲ್ಲ, ಯಾಕಂದ್ರೆ 41ನೇ ವಿಧಿ ಆಂತರಿಕ ವಿಷಯದಲ್ಲಿ ಕೈ ಹಾಕ್ಬೇಡಿ ಅನ್ನತ್ತೆ. ಗೆರೆ ದಾಟಿದ್ರು ಅನ್ನಿಸಿದ್ರೆ ಆ ದೇಶ ಕಾರಣನೂ ಹೇಳ್ದೆ ಪರ್ಸೋನಾ ನಾನ್ ಗ್ರಾಟಾ, ಅಂದ್ರೆ ನಮಗೆ ಬೇಡವಾದ ವ್ಯಕ್ತಿ, ಅಂತ ಘೋಷಿಸಿ ವಾಪಸ್ ಕಳಿಸ್ಬಹುದು.

ಮಳೆಬಿಲ್ಲು:
ಥ್ಯಾಂಕ್ಸ್, ತುಂಬಾ ಕ್ಲಿಯರ್ ಆಯ್ತು. ರಾಜಧಾನೀಲಿ ಇರೋರಿಗೆ ಇಷ್ಟ ಇಲ್ದೇ ಇರೋದನ್ನ ಬರೆದ್ರೆ ಏನಾಗತ್ತೆ?

ದೂರದಾರಿ:
ಅದೇ ಈ ಕೆಲ್ಸದ ಅತಿ ಕಷ್ಟದ ಭಾಗ, ನನಗೆ ಅತಿ ಗೌರವ ಇರೋ ಭಾಗನೂ ಹೌದು. 1971ರ ಏಪ್ರಿಲ್‌ನಲ್ಲಿ ಢಾಕಾದ ಅಮೆರಿಕನ್ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಮತ್ತು ಅವ್ರ ಸಿಬ್ಬಂದಿ, ಪೂರ್ವ ಪಾಕಿಸ್ತಾನದಲ್ಲಿ ನಡೀತಿರೋ ಹತ್ಯಾಕಾಂಡ ನೋಡಿ ಸುಮ್ನಿರೋ ನಮ್ಮ ನೀತಿ ತಪ್ಪು ಅಂತ ತಮ್ಮ ಸರ್ಕಾರಕ್ಕೇ ಬರೆದ್ರು, ಬ್ಲಡ್ ಅವ್ರನ್ನ ಅಲ್ಲಿಂದ ಎತ್ತಂಗಡಿ ಮಾಡಿದ್ರು. ಕೇಬಲ್, ಅಂದ್ರೆ ಎಂಬಸಿಯಿಂದ ಗುಟ್ಟಾಗಿ ಕಳಿಸೋ ವರದಿ, ಸೋರಿಕೆ ಆದ್ರೆ ಇನ್ನೊಂದು ಪಾಡು, 2019ರ ಜುಲೈನಲ್ಲಿ ವಾಷಿಂಗ್ಟನ್‌ನಲ್ಲಿದ್ದ ಬ್ರಿಟಿಷ್ ರಾಯಭಾರಿ ಕಿಮ್ ಡಾರಕ್ ಟ್ರಂಪ್ ಆಡಳಿತದ ಬಗ್ಗೆ ಗುಟ್ಟಾಗಿ ಬರೆದಿದ್ದು ಪತ್ರಿಕೇಲಿ ಬಂದು ರಾಜೀನಾಮೆ ಕೊಡ್ಬೇಕಾಯ್ತು. ಹಾಗಂತ ಮೇಲಿನೋರಿಗೆ ಹಿತವಾಗಿರೋದನ್ನೇ ಬರೆಯೋ ಅಧಿಕಾರಿ ಇದ್ರೆ ಸರ್ಕಾರ ಕಣ್ಣು ಕಟ್ಕೊಂಡು ನಿರ್ಧಾರ ತಗೊಂಡ ಹಾಗೆ.

ನೀಲಿಶಾಯಿ:
ಇನ್ನೊಂದು ಬಿಟ್ಟೋಯ್ತು, ಬರೀ ಬರೆಯೋದಲ್ಲ, ಹೇಳೋದೂ ಇದೆ. ವಿಶ್ವಸಂಸ್ಥೇಲಿ ಒಂದು ನಿರ್ಣಯ ವೋಟಿಗೆ ಬರೋ ಮುಂಚೆ ರಾಜಧಾನಿಯಿಂದ ಸೂಚನೆ ಬರತ್ತೆ, ಇವ್ರು ಅಲ್ಲಿನ ವಿದೇಶಾಂಗ ಸಚಿವಾಲಯಕ್ಕೆ ಹೋಗಿ ನಮ್ಮ ನಿಲುವು ಇದು, ನಿಮ್ಮ ಬೆಂಬಲ ಬೇಕು ಅಂತ ಮಂಡಿಸ್ತಾರೆ, ಇದಕ್ಕೆ ಡೆಮಾರ್ಶ್ ಅಂತಾರೆ. ಅವ್ರು ಏನಂದ್ರು, ಯಾವ ಪ್ರಶ್ನೆಗೆ ಉತ್ತರ ಕೊಡ್ಲಿಲ್ಲ ಅನ್ನೋದೂ ಅವತ್ತೇ ವರದಿ ಆಗಿ ಹೋಗ್ಬೇಕು.