ಪದಚರ್ಚೆ: ಕರುಳಿನ ಕ್ಯಾನ್ಸರ್ ವರದಿಯ ‘ಇನ್‌ಫಿಲ್ಟ್ರೇಶನ್’

ಪ್ರಶ್ನೆ (ಮಂಡ್ಯದಿಂದ): ದೊಡ್ಡಕರುಳಿನ ಕ್ಯಾನ್ಸರ್ ಇರುವವರ ಮನೆಯವರಿಗಾಗಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಪೆಥಾಲಜಿ ವರದಿಯಲ್ಲಿ ಮೇಲೆ ‘ಇನ್‌ಫಿಲ್ಟ್ರೇಟಿಂಗ್ ಅಡೆನೊಕಾರ್ಸಿನೋಮ’, ಕೆಳಗೆ ‘ಲಿಂಫೋಸೈಟಿಕ್ ಇನ್‌ಫಿಲ್ಟ್ರೇಶನ್’ ಅಂತ ಇರುತ್ತದೆ. ಎರಡಕ್ಕೂ ‘ಒಳನುಸುಳುವಿಕೆ’ ಹಾಕಬಹುದೇ? ‘ಇನ್‌ವೇಸಿವ್ ಮಾರ್ಜಿನ್’ಗೆ ಬರೀ ‘ಅಂಚು’ ಸಾಕೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಮೈಸೂರಿನಿಂದ): ಎರಡಕ್ಕೂ ಒಂದೇ ಪದ ಖಂಡಿತ ಬೇಡ. ಮೊದಲನೆಯದರಲ್ಲಿ ಕ್ಯಾನ್ಸರ್ ಕೋಶಗಳು ಕರುಳಿನ ಗೋಡೆಯನ್ನು ಕೊರೆದುಕೊಂಡು ಹೋಗಿವೆ. ಎರಡನೆಯದರಲ್ಲಿ ಲಿಂಫೋಸೈಟ್ ಎಂಬ ದೇಹದ ರಕ್ಷಣಾ ಕೋಶಗಳು ಗಡ್ಡೆಯೊಳಕ್ಕೆ ಬಂದಿವೆ. ಕರುಳಿನ ಕ್ಯಾನ್ಸರಿನಲ್ಲಿ ಇದು ಸಾಮಾನ್ಯವಾಗಿ ಒಳ್ಳೆಯ ಲಕ್ಷಣ. ‘ನುಸುಳು’ ಅಂದರೆ ಕಳ್ಳದಾರಿಯಲ್ಲಿ ಬಂದದ್ದು ಎಂಬ ಅರ್ಥವೇ ನಮ್ಮ ಕಡೆ ಮುಂದೆ ನಿಲ್ಲುತ್ತದೆ. ಮನೆಯವರು ಅದನ್ನು ಓದಿ ಕಾಯಿಲೆ ಹಬ್ಬಿತು ಅಂದುಕೊಳ್ಳುತ್ತಾರೆ. ಹಾಗಾಗಿ ಗಡ್ಡೆಗೆ ‘ಕೊರೆದು ಹಬ್ಬಿದ’, ಲಿಂಫೋಸೈಟಿಗೆ ‘ಒಳಹೊಕ್ಕ’ ಎಂದು ಬೇರೆ ಬೇರೆ ಬರೆಯಿರಿ. ‘ಉರಿಯೂತ’ವೂ ಬೇಡ, ಸೋಂಕು ಎಂದು ತಿಳಿಯುವವರಿದ್ದಾರೆ.

ಅಂಚಿನ ವಿಷಯ ಇನ್ನೂ ಸೂಕ್ಷ್ಮ. ವರದಿಯಲ್ಲಿ ಅಂಚು ಎರಡು. ಶಸ್ತ್ರಚಿಕಿತ್ಸೆಯಲ್ಲಿ ‘ಕೊಯ್ದ ಅಂಚು’ ಒಂದು. ಅಲ್ಲಿ ಕ್ಯಾನ್ಸರ್ ಕೋಶ ಕಂಡರೆ ಗಡ್ಡೆ ಪೂರ್ತಿ ಬಂದಿಲ್ಲವೆಂಬ ಅನುಮಾನ. ‘ಗಡ್ಡೆ ಬೆಳೆಯುತ್ತಿರುವ ಅಂಚು’ ಇನ್ನೊಂದು. ಅಲ್ಲಿ ಕ್ಯಾನ್ಸರ್ ಇದ್ದೇ ಇರುತ್ತದೆ. ನೀವು ಕೇಳಿದ್ದು ಎರಡನೆಯದು. ಮಂಡ್ಯದವರಿಗೆ ಹೀಗೆ ಹೇಳಬಹುದು: ಬದುವಿನ ಮೇಲೆ ನಿಂತ ಆಳು ಬೇರೆ, ಗದ್ದೆಗಿಳಿದ ಆಳು ಬೇರೆ. ಕೆಲವು ಗಡ್ಡೆಗಳಲ್ಲಿ ಲಿಂಫೋಸೈಟ್‌ಗಳು ಅಂಚಿನಲ್ಲೇ ಗುಂಪುಗಟ್ಟಿ ನಿಲ್ಲುತ್ತವೆ, ಒಳಗಿಳಿಯುವುದಿಲ್ಲ. ಅಂಥದ್ದಕ್ಕೆ ‘ಒಳಹೊಕ್ಕ’ ತಪ್ಪಾಗುತ್ತದೆ, ‘ಅಂಚಿನಲ್ಲಿ ನೆರೆದ’ ಎನ್ನಿ.

ಈ ವ್ಯತ್ಯಾಸ ಅಳತೆಗೂ ಬೇಕು. ಪ್ಯಾರಿಸ್ಸಿನ ಜೆರೋಮ್ ಗಲಾನ್ ತಂಡ 2006ರಲ್ಲಿ ತೋರಿಸಿದ ದಾರಿಯಲ್ಲೇ ಬೆಳೆದ ‘ಇಮ್ಯುನೋಸ್ಕೋರ್’ (ಗಡ್ಡೆಯಲ್ಲಿನ ರಕ್ಷಣಾ ಕೋಶಗಳನ್ನು ಎಣಿಸಿ ಕೊಡುವ ಅಂಕ) 2018ರಲ್ಲಿ ಹಲವು ದೇಶಗಳ ಅಧ್ಯಯನದಲ್ಲಿ ಗಟ್ಟಿಯಾಯಿತು. ಅದರಲ್ಲಿ ಟಿ ಕೋಶ ಎಂಬ ಬಗೆಯ ಲಿಂಫೋಸೈಟ್‌ಗಳಲ್ಲಿ ಎಲ್ಲವನ್ನೂ ಗುರುತಿಸಲು ಸಿಡಿ3 ಪ್ರೋಟೀನಿಗೆ, ಕೊಲ್ಲುವ ಟಿ ಕೋಶಗಳನ್ನು ಗುರುತಿಸಲು ಸಿಡಿ8 ಪ್ರೋಟೀನಿಗೆ ಬಣ್ಣ ಹಾಕಿ, ನಡುಭಾಗದಲ್ಲೂ ಅಂಚಿನಲ್ಲೂ ಸಾಂದ್ರತೆ ಎಣಿಸುತ್ತಾರೆ. ಕೊಲೊನೋಸ್ಕೋಪಿಯಲ್ಲಿ ಚಿವುಟಿ ತೆಗೆದ ಚೂರಿನಲ್ಲಿ ಸಾಮಾನ್ಯವಾಗಿ ಆ ಅಂಚು ಬಂದಿರುವುದಿಲ್ಲ, ಕೊಯ್ದು ತೆಗೆದ ಗಡ್ಡೆಯೇ ಬೇಕು. ಕೊಳೆತ ಜಾಗದಲ್ಲೂ ಮೇಲ್ಮೈ ಹುಣ್ಣಿನಲ್ಲೂ ನ್ಯೂಟ್ರೋಫಿಲ್ ಎಂಬ ಬೇರೆ ಬಗೆಯ ಬಿಳಿ ರಕ್ತಕಣಗಳು ತುಂಬಿರುತ್ತವೆ. ಅವು ಈ ಲೆಕ್ಕಕ್ಕೆ ಸೇರವು. ಕರುಳಿನ ಒಳಪದರದಲ್ಲಿ ಸಹಜವಾಗಿ ಇರುವ ಲಿಂಫೋಸೈಟ್ ಗಂಟುಗಳೂ ಅಷ್ಟೆ. ಆದ್ದರಿಂದ ವರದಿ ಲಿಂಫೋಸೈಟ್ ಅಂದಾಗ ‘ಬಿಳಿ ರಕ್ತಕಣ’ ಎಂದು ಹಿಗ್ಗಿಸಬೇಡಿ.

ಕೈಪಿಡಿಯಲ್ಲಿ ‘ಲಿಂಫೋಸೈಟ್ ಹೆಚ್ಚಿದ್ದರೆ ಇಮ್ಯುನೋಥೆರಪಿ (ರಕ್ಷಣಾ ಕೋಶಗಳನ್ನು ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ) ನಾಟುತ್ತದೆ’ ಎಂದು ಬರೆಯಲೇಬಾರದು. ಆ ನಿರ್ಧಾರಕ್ಕೆ ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ, ಡಿಎನ್‌ಎ ನಕಲಾಗುವಾಗಿನ ತಪ್ಪುಗಳನ್ನು ದುರಸ್ತಿ ಮಾಡುವ ನಾಲ್ಕು ಪ್ರೋಟೀನುಗಳ ಪರೀಕ್ಷೆ, ಅಥವಾ ಅಂಥ ತಪ್ಪುಗಳು ಡಿಎನ್‌ಎಯಲ್ಲಿ ಉಳಿದಿವೆಯೇ ಎಂದು ನೋಡುವ ಎಂಎಸ್‌ಐ ಪರೀಕ್ಷೆ ಆಗಬೇಕು. ಸುಮಾರು 15% ಗಡ್ಡೆಗಳಲ್ಲಿ ಈ ದುರಸ್ತಿ ವ್ಯವಸ್ಥೆ ಕೆಟ್ಟಿರುತ್ತದೆ. ಲಿಂಫೋಸೈಟ್‌ಗಳು ದಟ್ಟವಾಗಿ ಕಾಣುವುದು ಹೆಚ್ಚಾಗಿ ಅಂಥವುಗಳಲ್ಲಿ. ಪ್ರೋಟೀನು ಇಲ್ಲವೆಂದು ಬರೆಯುವ ಮುನ್ನ ಅದೇ ಸ್ಲೈಡಿನ ಲಿಂಫೋಸೈಟ್ ನ್ಯೂಕ್ಲಿಯಸ್ಸು ಬಣ್ಣ ಹಿಡಿದಿದೆಯೇ ನೋಡುತ್ತಾರೆ. ಅಲ್ಲೂ ಹಿಡಿಯದಿದ್ದರೆ ಪರೀಕ್ಷೆಯೇ ಕೆಟ್ಟಿದೆ, ಮತ್ತೆ ಮಾಡಬೇಕು.