ಗಾಲಿ ಕಳಚದಂತೆ ಕಡಾಣಿ, ಧೂಳು ಹೋಗದಂತೆ ಏನು?

ಗೆಳೆಯರೇ,

ಹಳೆಯ ಕುದುರೆ ಸಾರೋಟುಗಳನ್ನು ಬಿಚ್ಚಿ ಸರಿಮಾಡುವವರಿಗಾಗಿ ಬರೆದ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನೊಗ, ಮೂಕಿ, ಲಗಾಮು, ಕೂರುವ ಹಲಗೆ ಎಲ್ಲವನ್ನೂ ಸಲೀಸಾಗಿ ದಾಟಿದೆ. ಗಾಲಿಯ ಹತ್ತಿರ ಬಂದು ಸಿಕ್ಕಿಹಾಕಿಕೊಂಡೆ. ಅಲ್ಲಿ ಇರುವುದು ಎರಡೇ ಕೆಲಸ. ಒಂದು, ಗಾಲಿ ಅಚ್ಚಿನಿಂದ ಜಾರಿ ಬೀಳದಂತೆ ಹಿಡಿಯುವುದು. ಇನ್ನೊಂದು, ಗಾಲಿಗೂ ಅಚ್ಚಿಗೂ ನಡುವಿನ ಸಂದಿಗೆ ಧೂಳು ನುಗ್ಗದಂತೆ ತಡೆಯುವುದು. ಮೊದಲನೆಯದಕ್ಕೆ ನಮ್ಮಲ್ಲಿ ಪದಗಳು ಬೇಕಾದ್ದಕ್ಕಿಂತ ಜಾಸ್ತಿಯೇ ಇವೆ. ಎರಡನೆಯದಕ್ಕೆ ಹುಡುಕಿದಷ್ಟೂ ಕೈಗೆ ಸಿಗುವುದು ಧೂಳೇ.

ಮೊದಲು ಸಿಕ್ಕಿದ್ದನ್ನು ಹೇಳಿಬಿಡುತ್ತೇನೆ.

ಅಚ್ಚಿನ ತುದಿಯಲ್ಲಿ ಒಂದು ತೂತು. ಗಾಲಿ ತೊಡಿಸಿದ ಮೇಲೆ ಆ ತೂತಿಗೆ ಒಂದು ಕಬ್ಬಿಣದ ಗೂಟ ತೂರಿಸುತ್ತಾರೆ. ಇಂಗ್ಲಿಷಿನವರು ಲಿಂಚ್‌ಪಿನ್ ಅನ್ನುವುದು ಇದನ್ನೇ. ಕನ್ನಡದಲ್ಲಿ ಇದು ಕಡಾಣಿ, ಇಲ್ಲವೇ ಕಡೆಗೀಲು. ಎರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿವೆ. ಕಡೆ ಅಂದರೆ ತುದಿ. ಕಡೆ ಮತ್ತು ಆಣಿ ಸೇರಿದಾಗ ನಡುವಿನ 'ಎ' ಬಿದ್ದುಹೋಗಿ ಕಡಾಣಿ ಆಯಿತು. ಕಡೆ ಮತ್ತು ಕೀಲು ಸೇರಿದಾಗ 'ಕ' ಹೋಗಿ 'ಗ' ಬಂದು ಕಡೆಗೀಲು ಆಯಿತು. ಲೋಪಕ್ಕೊಂದು, ಆದೇಶಕ್ಕೊಂದು. ಸಂಧಿ ಪಾಠಕ್ಕೆ ಹೇಳಿ ಮಾಡಿಸಿದ ಜೋಡಿ, ಅಲ್ವಾ?

ಇದರಲ್ಲಿ ನನಗೆ ಹಿಡಿಸಿದ್ದು ಹೆಸರಿಟ್ಟ ಬಗೆ. ಆ ಗೂಟ ಏನು ಮಾಡುತ್ತದೆ ಅಂತ ಪದ ಹೇಳುವುದಿಲ್ಲ. ಎಲ್ಲಿದೆ ಅಂತ ಹೇಳುತ್ತದೆ. ತುದಿಯಲ್ಲಿರುವ ಆಣಿ, ಅಷ್ಟೇ. ಸಂಸ್ಕೃತದಲ್ಲೂ ಹೀಗೆಯೇ. ಅಮರಕೋಶ 'ಅಣಿ' ಎಂಬ ಪದಕ್ಕೆ ಕೊಡುವ ಅರ್ಥ 'ಅಕ್ಷಾಗ್ರಕೀಲಕ'. ಅಕ್ಷದ ಅಗ್ರದಲ್ಲಿರುವ ಕೀಲು. ಬಿಡಿಸಿ ನೋಡಿದರೆ ನಮ್ಮ ಕಡೆಗೀಲೇ. ಋಗ್ವೇದದ ಮೊದಲ ಮಂಡಲದ 35ನೇ ಸೂಕ್ತದಲ್ಲಿ ರಥದ 'ಆಣಿ' ಬರುತ್ತದೆ. ರಥದ ಭಾರ ಆಣಿಯನ್ನು ನೆಚ್ಚಿಕೊಂಡ ಹಾಗೆ ಅಮರರೆಲ್ಲ ಸವಿತೃವನ್ನು ನೆಚ್ಚಿ ನಿಂತಿದ್ದಾರೆ ಅಂತ ಅಲ್ಲಿನ ಹೋಲಿಕೆ. ಆಣಿ ಮೂಲದಲ್ಲಿ ದ್ರಾವಿಡವೋ ಅಲ್ಲವೋ ಅಂತ ಪಂಡಿತರು ಎಳೆದಾಡಿದ್ದಾರೆ. ನಾನು ಆ ಜಗಳಕ್ಕೆ ಹೋಗುವುದಿಲ್ಲ. ತಮಿಳಿನವರು ಅಚ್ಚಾಣಿ ಅನ್ನುತ್ತಾರೆ, ಅಚ್ಚಿನ ಆಣಿ. ಅಚ್ಚು ಸಂಸ್ಕೃತದ ಅಕ್ಷದಿಂದ ಬಂದದ್ದು. ಅದಕ್ಕೆ ನಮ್ಮದೇ ಪದ ಇರಸು, ತಮಿಳಿನಲ್ಲಿ ಇರುಸು. ಕೈಪಿಡಿಯಲ್ಲಿ ಇರಸು ಅಂತ ಬಳಸುವ ಆಸೆ ಇತ್ತು. ಆದರೆ ಈಗಿನ ಓದುಗರಿಗೆ ಅಚ್ಚೇ ಬೇಗ ತಿಳಿಯುತ್ತದೆ. ಬಿಟ್ಟೆ.

ಬರೀ 'ಕೀಲು' ಅಂದರೆ ಸಾಲದೇ ಅಂತ ಗೆಳೆಯರೊಬ್ಬರು ಕೇಳಿದರು. ಸಾಲದು. ಕೀಲು ಕನ್ನಡದಲ್ಲಿ ಎಲ್ಲಿಗೆ ಬೇಕಾದರೂ ಹೋಗುವ ಪದ. ಮೊಣಕಾಲಿನಲ್ಲೂ ಕೀಲು, ಬಾಗಿಲಿನಲ್ಲೂ ಕೀಲು. ಕೀಲುಕುದುರೆ, ಕೀಲುಬೊಂಬೆ ಬೇರೆ. ಗಾಲಿಯ ಪಾಠದಲ್ಲಿ 'ಕೀಲು ಸಡಿಲವಾಗಿದೆಯೇ ನೋಡಿ' ಅಂತ ಬರೆದರೆ ಓದುವವನು ಯಾವುದನ್ನು ಮುಟ್ಟಿ ನೋಡಬೇಕು? 'ಕಡೆ' ಸೇರಿದ ಕೂಡಲೇ ಬೆರಳು ತಾನಾಗಿಯೇ ತುದಿಗೆ ಹೋಗುತ್ತದೆ. ಆಣಿಗೂ ಇದೇ ಪಾಡು. ಕಾಲಿನಡಿಯ ಆಣಿ ಇದೆ, ಆಣಿಮುತ್ತು ಇದೆ.

ಕಡೆಗೀಲಿಗೆ ಕನ್ನಡದಲ್ಲಿ ಒಂದು ದೊಡ್ಡ ಆಧಾರವೂ ಇದೆ. ಜೇಡರ ದಾಸಿಮಯ್ಯನ ವಚನವೊಂದು ಈ ಪದದಿಂದಲೇ ಶುರುವಾಗುತ್ತದೆ. ಕಡೆಗೀಲಿಲ್ಲದ ಬಂಡಿ ಮಗುಚಿ ಬೀಳದೆ ಇದ್ದೀತೇ ಅಂತ ಕೇಳಿ, ಒಡಲೆಂಬ ಬಂಡಿಗೆ ಶರಣರ ಮಾತೇ ಕಡೆಗೀಲು ಅನ್ನುತ್ತಾನೆ. ತಿರುಕ್ಕುರಳಿನ 667ನೇ ಕುರಳಲ್ಲಿ ಅಚ್ಚಾಣಿ ಬರುತ್ತದೆ: ಆಕಾರ ಸಣ್ಣದು ಅಂತ ಯಾರನ್ನೂ ಹಳಿಯಬೇಡಿ, ಉರುಳುವ ದೊಡ್ಡ ತೇರಿಗೆ ಅಚ್ಚಾಣಿಯಂಥವರೂ ಇದ್ದಾರೆ. ಇಬ್ಬರಿಗೂ ಬೇಕಾಗಿದ್ದು ಒಂದೇ ಗುಣ. ಗೂಟ ಗೇಣುದ್ದವೂ ಇಲ್ಲ, ಅದಿಲ್ಲದೆ ಬಂಡಿಯೇ ಇಲ್ಲ.

ಇಲ್ಲೊಂದು ಸಣ್ಣ ದೂರು. ಪತ್ರಿಕೆಗಳಲ್ಲಿ 'ತಂಡದ ಲಿಂಚ್‌ಪಿನ್' ಎಂಬಂಥ ಮಾತು ಬಂದಾಗಲೆಲ್ಲ ಅದು ಕನ್ನಡದಲ್ಲಿ 'ಆಧಾರಸ್ತಂಭ' ಆಗುತ್ತದೆ, ಇಲ್ಲವೇ 'ಬೆನ್ನೆಲುಬು'. ಕಂಬ ನಿಂತಲ್ಲೇ ನಿಂತಿರುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ಕಡಾಣಿ ಓಡುವ ಬಂಡಿಯ ಜೊತೆ ಓಡುತ್ತದೆ, ಬಿದ್ದುಹೋಗುವ ತನಕ ಯಾರೂ ಅದನ್ನು ನೋಡುವುದಿಲ್ಲ. ಎರಡೂ ಒಂದೇ ಹೇಗಾದೀತು? ಸಾವಿರ ವರ್ಷದ ಹಿಂದೆಯೇ ದಾಸಿಮಯ್ಯ ಸರಿಯಾದ ಪದ ಕೊಟ್ಟು ಹೋಗಿದ್ದಾನೆ. ಅದನ್ನು ಮೂಲೆಗೆ ತಳ್ಳಿ ಕಂಬ ನೆಟ್ಟುಕೊಂಡು ಕೂತಿದ್ದೇವೆ.

ಕೈಕೇಯಿಯ ಕತೆಯೂ ನೆನಪಾಗಿರಬೇಕು ನಿಮಗೆ. ಯುದ್ಧದಲ್ಲಿ ದಶರಥನ ರಥದ ಕೀಲು ಬಿದ್ದಾಗ ಬೆರಳು ಕೊಟ್ಟು ಗಾಲಿ ಉಳಿಸಿದಳು, ಅದಕ್ಕೇ ವರ ಸಿಕ್ಕಿತು ಅಂತ. ವಾಲ್ಮೀಕಿಯಲ್ಲಿ ಈ ಬೆರಳಿಲ್ಲ. ಗಾಯಗೊಂಡ ಗಂಡನನ್ನು ರಣರಂಗದಿಂದ ಆಚೆ ಸಾಗಿಸಿ ಉಳಿಸುತ್ತಾಳೆ, ಅಷ್ಟೇ. ಅಧ್ಯಾತ್ಮ ರಾಮಾಯಣದಲ್ಲಿ ಅಕ್ಷಕೀಲು ಬೀಳುತ್ತದೆ, ಅವಳು ಕೀಲಿನ ತೂತಿಗೆ ಕೈ ಇಡುತ್ತಾಳೆ. ಕೀಲು ಅಂದಾಗ ಯಾವ ಕೀಲು ಅಂತ ಗೊಂದಲಪಡುವವರಿಗೆ ಈ ಕತೆಯೇ ಉತ್ತರ. ಬೆರಳು ತೂರುವಷ್ಟು ತೂತು ಇರುವುದು ಅಚ್ಚಿನ ತುದಿಯಲ್ಲಿ. ಅದು ಕಡಾಣಿಯೇ.

ಇಂಗ್ಲಿಷಿನ ಪದದಲ್ಲೂ ಒಂದು ತಮಾಷೆ ಇದೆ. ಹಳೆಯ ಇಂಗ್ಲಿಷಿನಲ್ಲಿ 'ಲಿನಿಸ್' ಅಂದರೇನೇ ಕಡಾಣಿ. ಅದು ಸವೆದು ಲಿಂಚ್ ಆಯಿತು. ಜನಕ್ಕೆ ಅರ್ಥ ಮರೆತುಹೋಗಿ ಬಾಲಕ್ಕೆ ಪಿನ್ ಅಂಟಿಸಿದರು. ನಾವು 'ನಡುಮಧ್ಯೆ' ಅನ್ನುವ ಹಾಗೆ.

ಇಲ್ಲಿವರೆಗೂ ಸುಖವಾಗಿತ್ತು. ಕೈಪಿಡಿಯ ಮುಂದಿನ ಪುಟದಲ್ಲಿ ಕಡಾಣಿಯೇ ಇಲ್ಲದ ಗಾಲಿ ಬಂತು.

ಇಂಗ್ಲೆಂಡಿನಲ್ಲಿ 1784ರಲ್ಲಿ ಬ್ರಿಸ್ಟಲ್ ಮತ್ತು ಲಂಡನ್ ನಡುವೆ ಟಪಾಲು ಸಾರೋಟು ಓಡಲು ಶುರುವಾಯಿತು. ಹೊತ್ತಿಗೆ ಸರಿಯಾಗಿ, ರಾತ್ರಿಯೆಲ್ಲ, ವೇಗವಾಗಿ ಓಡಬೇಕು. ದಾರಿಯಲ್ಲಿ ಕಡಾಣಿ ಉದುರಿದರೆ ಟಪಾಲು, ಜನ ಎಲ್ಲಾ ಹಳ್ಳಕ್ಕೆ. 1787ರಲ್ಲಿ ಅಲ್ಲಿನ ಅಂಚೆ ಇಲಾಖೆ ಜಾನ್ ಬೆಸಂಟ್ ಎಂಬವನ ಸುಧಾರಿಸಿದ ಸಾರೋಟನ್ನು ಒಪ್ಪಿಕೊಂಡಿತು. ಟಪಾಲು ಸಾರೋಟಿನಿಂದಲೇ ಹೆಸರು ಪಡೆದ ಒಂದು ಬಗೆಯ ಅಚ್ಚು ಇದೆ, ಮೇಲ್ ಆಕ್ಸಲ್ ಅಂತ. ಅದರಲ್ಲಿ ಗಾಲಿಯನ್ನು ತುದಿಯಿಂದ ಹಿಡಿಯುವುದೇ ಇಲ್ಲ. ಅಚ್ಚಿನ ಬುಡದಲ್ಲಿ ಬಳೆಯಂಥ ಒಂದು ಉಬ್ಬು ಇರುತ್ತದೆ. ಅದರ ಹಿಂದೆ ಒಂದು ದುಂಡು ತಟ್ಟೆ. ಆ ತಟ್ಟೆಯಿಂದ ಮೂರು ಉದ್ದದ ಬೋಲ್ಟುಗಳು ಗಾಲಿಯ ನಡುವಿನ ಗಡ್ಡೆಯನ್ನು, ಅಂದರೆ ಗುಂಬವನ್ನು, ತೂರಿಕೊಂಡು ಮುಂದೆ ಬರುತ್ತವೆ. ಉಬ್ಬು ತಟ್ಟೆಗೂ ಗುಂಬಕ್ಕೂ ನಡುವೆ ಸೆರೆ. ಒಂದು ಬೋಲ್ಟು ಸಡಿಲವಾದರೂ ಇನ್ನೆರಡು ಹಿಡಿದಿರುತ್ತವೆ. ಗಾಲಿ ಉದುರುವುದಿಲ್ಲ.

ಈಗ ಹೇಳಿ, ಇದಕ್ಕೆ ಕಡಾಣಿ ಅನ್ನಬಹುದೇ? ಕೆಲಸ ಅದೇ, ಜಾಗ ಮಾತ್ರ ತಿರುಗುಮುರುಗು. 'ಕಡೆ' ಅಂದರೆ ಸುಳ್ಳಾಗುತ್ತದೆ. ನಾನು ಸದ್ಯಕ್ಕೆ ತಟ್ಟೆಯನ್ನು 'ಹಿಂದಟ್ಟೆ' ಅಂತ, ಬೋಲ್ಟನ್ನು ಬೋಲ್ಟು ಅಂತಲೇ ಬರೆದಿದ್ದೇನೆ. ಬೋಲ್ಟಿಗೆ ಹೊಸ ಪದ ಹುಟ್ಟಿಸುವ ಚಪಲ ನನಗಿಲ್ಲ. ಗುಂಬ ಅಂದಾಗ ಗಾಲಿಯ ನಡುವಿನ ಮರದ ಗಡ್ಡೆ, ಅರಗಳೆಲ್ಲ ಬಂದು ಚುಚ್ಚಿಕೊಳ್ಳುವ ಜಾಗ. ಕುಂಭ ಅನ್ನುವವರೂ ಇದ್ದಾರೆ. ಸಂಸ್ಕೃತದಲ್ಲಿ ನಾಭಿ, ಅಂದರೆ ಹೊಕ್ಕುಳು. ಇಂಗ್ಲಿಷಿನ ನೇವ್ ಮತ್ತು ಹೊಕ್ಕುಳಿನ ನೇವಲ್ ಕೂಡ ಇದೇ ಬಳಗದವು.

ಇನ್ನೊಂದು ಬಗೆ ಕಾಲಿಂಜ್ ಅಚ್ಚು. ಅದೂ 18ನೇ ಶತಮಾನದ ಕೊನೆಯದ್ದೇ. ಇದರಲ್ಲಿ ತುದಿಯ ಹಿಡಿತ ಮರಳಿ ಬರುತ್ತದೆ. ಆದರೆ ಒಂದು ಗೂಟದ ಬದಲು ಎರಡು ನಟ್ಟು, ಅವುಗಳ ಆಚೆ ಒಂದು ಸಣ್ಣ ಪಿನ್ನು. ಒಳಗಿನ ನಟ್ಟು ಬಲಕ್ಕೆ ತಿರುಗಿಸಿದರೆ ಬಿಗಿಯುತ್ತದೆ, ಹೊರಗಿನದು ಎಡಕ್ಕೆ. ಗಾಲಿ ಉಜ್ಜಿ ಉಜ್ಜಿ ಒಳಗಿನ ನಟ್ಟನ್ನು ಎಡಕ್ಕೆ ಬಿಚ್ಚಲು ಹೋದರೆ, ಅದು ಹೊರಗಿನದನ್ನೂ ಎಡಕ್ಕೇ ತಳ್ಳುತ್ತದೆ. ಅಂದರೆ ಬಿಗಿ ಮಾಡುತ್ತದೆ. ಒಂದರ ಸಡಿಲವೇ ಇನ್ನೊಂದಕ್ಕೆ ಬಿಗಿ. ಇದನ್ನು ಕನ್ನಡದಲ್ಲಿ ಬರೆಯುವಾಗ ಖುಷಿಯಾಯಿತು. 'ಬಲಮರೆ', 'ಎಡಮರೆ' ಅಂತ ಬರೆದಿದ್ದೇನೆ. ನಟ್ಟಿನ ಸುರುಳಿಗೆ ಗ್ಯಾರೇಜಿನಲ್ಲಿ 'ಮರೆ' ಅನ್ನುವುದನ್ನು ಕೇಳಿದ್ದೇನೆ. ಮರೆವಿನ ಮರೆ ಅಂತ ಯಾರಾದರೂ ಓದಿಕೊಂಡರೆ ಕಷ್ಟ, 'ಬಲಸುರುಳಿ' ಅನ್ನುವುದೇ ವಾಸಿಯೇನೋ. ತುದಿಯ ಪಿನ್ನನ್ನು ಮಾತ್ರ ಕಡಾಣಿ ಅಂತಲೇ ಇಟ್ಟೆ. ಅದು ನಿಜವಾಗಿ ಕಡೆಯಲ್ಲಿದೆ. ಹಾಗೆ ನೋಡಿದರೆ ಇವತ್ತಿನ ಕಾರಿನ ಗಾಲಿಯ ನಟ್ಟಿಗೆ ತೂರಿಸಿ ಕಾಲು ಮಡಚುವ ಸ್ಪ್ಲಿಟ್ ಪಿನ್ನೂ ಕಡಾಣಿಯ ಮೊಮ್ಮಗನೇ.

ಇನ್ನು ಧೂಳು. ನನ್ನ ತಲೆನೋವು ಇದೇ.

ಧೂಳು ತಡೆಯುವುದು ಬೇರೆ ಕೆಲಸ, ಗಾಲಿ ಹಿಡಿಯುವುದು ಬೇರೆ ಕೆಲಸ ಅಂತ ಮೊದಲು ಅಂದುಕೊಂಡಿದ್ದೆ. ಹಾಗಿಲ್ಲ. ಅಚ್ಚಿಗೂ ಗುಂಬದ ಒಳಗಿನ ಕಬ್ಬಿಣದ ಕೊಳವೆಗೂ ನಡುವೆ ಎಣ್ಣೆ ಇರುತ್ತದೆ. ಅದಕ್ಕೆ ಮರಳು, ಮಣ್ಣು ಸೇರಿದರೆ ಎಣ್ಣೆ ಹೋಗಿ ಸಾಣೆ ಹಿಡಿಯುವ ಸರಕಾಗುತ್ತದೆ. ಗಾಲಿ ತಿರುಗಿದಷ್ಟೂ ಎರಡೂ ಸವೆಯುತ್ತವೆ. ಗಾಲಿ ಅತ್ತಿತ್ತ ಆಡುತ್ತದೆ. ಆಡಿದಾಗಲೆಲ್ಲ ಕಡಾಣಿಗೆ ಒಂದು ಗುದ್ದು. ಕೊನೆಗೆ ಕಡಾಣಿ ಮುರಿದಾಗ ಬೈಗುಳ ಬೀಳುವುದು ಅದಕ್ಕೆ, ತಪ್ಪು ಮಾಡಿದ್ದು ಧೂಳು.

ಧೂಳು ಬರುವ ಬಾಗಿಲು ಎರಡು. ಗುಂಬದ ಮುಂದಿನ ಬಾಯಿ ಒಂದು, ಹಿಂದಿನ ಬಾಯಿ ಇನ್ನೊಂದು. ಮುಂದಿನದು ಸುಲಭ. ಕಾಲಿಂಜ್ ಅಚ್ಚಿನಲ್ಲಿ ಅಲ್ಲೊಂದು ಹಿತ್ತಾಳೆಯ ಮುಚ್ಚಳ ತಿರುಗಿಸಿ ಕೂರಿಸುತ್ತಾರೆ. ಒಳಗೆ ಎಣ್ಣೆ ನಿಲ್ಲುತ್ತದೆ, ಹೊರಗಿನ ಧೂಳು ಹೊರಗೇ. ಇದಕ್ಕೆ 'ಗುಂಬದ ಟೊಪ್ಪಿ' ಅಂತ ಬರೆದೆ. ನೋಡಲೂ ಟೊಪ್ಪಿಯೇ.

ಹಿಂದಿನ ಬಾಯಿ ಮುಚ್ಚಲು ಬರುವುದಿಲ್ಲ. ಅಚ್ಚು ಅಲ್ಲಿಂದಲೇ ಒಳಗೆ ಹೋಗಬೇಕಲ್ಲ. ಅಲ್ಲಿ ಎರಡು ಉಪಾಯ. ಅಚ್ಚಿನ ಉಬ್ಬಿಗೂ ಗುಂಬಕ್ಕೂ ನಡುವೆ ಒಂದು ಚರ್ಮದ ವಾಶರ್. ಇದು ಸರಿ, ಚರ್ಮದ ವಾಶರ್ ಅಂತಲೇ ಬರೆದರಾಯಿತು. ಇನ್ನೊಂದು, ಅಚ್ಚಿನ ಮರಕ್ಕೆ ಬಡಿದ ಒಂದು ಬಾಗಿದ ತಗಡು. ಅದು ಗುಂಬದ ಹಿಂದಿನ ಅಂಚಿನ ಮೇಲೆ ಸ್ವಲ್ಪ ಚಾಚಿಕೊಂಡಿರುತ್ತದೆ. ಗಾಲಿಯನ್ನು ಮುಟ್ಟುವುದಿಲ್ಲ, ಮೇಲಿಂದ ಉದುರುವ ಮಣ್ಣು ಕೆಸರು ಸಂದಿಗೆ ಬೀಳದಂತೆ ತಡೆಯುತ್ತದೆ. ಇಂಗ್ಲಿಷಿನ ಹಳೆಯ ಸಾರೋಟು ಕೆಲಸಗಾರರು ಇದನ್ನು ಕಟೂ ಪ್ಲೇಟ್ ಅನ್ನುತ್ತಿದ್ದರು.

ಇದಕ್ಕೆ ಒಬ್ಬರು 'ಧೂಳುನಿರೋಧಕ ಫಲಕ' ಅಂತ ಸೂಚಿಸಿದರು. ಫಲಕ ಅಂದ ಕೂಡಲೇ ನನಗೆ ಗಾಲಿಯ ಹಿಂದೆ ಯಾರೋ 'ಧೂಳಿಗೆ ಪ್ರವೇಶವಿಲ್ಲ' ಅಂತ ಬೋರ್ಡು ನೇತುಹಾಕಿದ ಹಾಗೆ ಕಂಡಿತು. 'ಧೂಳುತಡೆ' ಚಿಕ್ಕದಾಗಿದೆ, ಆದರೆ ಟೊಪ್ಪಿಯೂ ಧೂಳುತಡೆ, ಚರ್ಮದ ವಾಶರೂ ಧೂಳುತಡೆ. ಮೂರಕ್ಕೂ ಒಂದೇ ಹೆಸರಿಟ್ಟರೆ ಬಿಚ್ಚಿ ಜೋಡಿಸುವವನ ಗತಿ? ಆಗ ಕಡಾಣಿಯ ಪಾಠ ನೆನಪಾಯಿತು. ಕೆಲಸ ಬಿಡು, ಜಾಗ ನೋಡು, ಆಕಾರ ನೋಡು. ಗೋಡೆಯ ಮೇಲೆ ಮಳೆನೀರು ಬೀಳದಂತೆ ಮುಂದಕ್ಕೆ ಚಾಚಿಕೊಂಡು, ಗೋಡೆಯನ್ನು ಮುಟ್ಟದೆ ಕಾಯುವುದು ಯಾವುದು? ಸೂರು. ಹಾಗಾಗಿ 'ಸೂರುತಗಡು'.

ಕೊನೆಗೆ ಒಂದು ಕೊಸರು. ಬರೀ ಕಡಾಣಿಯ ಸಾದಾ ಬಂಡಿಯಲ್ಲಿ ಟೊಪ್ಪಿಯೂ ಇಲ್ಲ, ತಗಡೂ ಇಲ್ಲ. ಅಲ್ಲಿ ಧೂಳು ತಡೆಯುತ್ತಿದ್ದದ್ದು ಕೀಲೆಣ್ಣೆಯೇ. ದಪ್ಪ ಎಣ್ಣೆ ಗುಂಬದ ಅಂಚಿನಲ್ಲಿ ಹೊರಗೆ ಉಕ್ಕಿ, ಅಲ್ಲೇ ಧೂಳು ಹಿಡಿದು ಕಪ್ಪು ಬಳೆಯಾಗಿ ನಿಲ್ಲುತ್ತದೆ. ಬಿಡಿ ಭಾಗವೇ ಇಲ್ಲದ ಮೇಲೆ ಅದಕ್ಕೊಂದು ಹೆಸರು ಹುಟ್ಟುವ ಪ್ರಮೇಯವೂ ಇರಲಿಲ್ಲ. ಪ್ರಶ್ನೆ ಇರುವುದು ಕೀಲೆಣ್ಣೆಯ ಕೀಲಿನಲ್ಲಿ. ಕೀಲಿಗೆ ಹಾಕುವ ಎಣ್ಣೆ ಅಂತ ನಾವೆಲ್ಲ ಬಿಡಿಸುತ್ತೇವೆ. ಆದರೆ ತಮಿಳಿನಲ್ಲಿ ಕೀಲ್ ಅಂದರೆ ಟಾರು, ಹಾಗಾಗಿ ಟಾರಿನಂಥ ಎಣ್ಣೆ ಅಂತಲೂ ಬಿಡಿಸಬಹುದು. ಅಮೆರಿಕದ ಕಾನೆಸ್ಟೋಗಾ ಬಂಡಿಗಳವರು ಗಾಲಿಗೆ ಸವರಲು ಟಾರಿನ ಡಬ್ಬವನ್ನೇ ಹಿಂದಿನ ಅಚ್ಚಿಗೆ ನೇತುಹಾಕಿಕೊಂಡು ಹೋಗುತ್ತಿದ್ದರು. ನಮ್ಮ ಕೀಲೆಣ್ಣೆಯೂ ಹಾಗೇ ಕಪ್ಪಗೆ, ಅಂಟಂಟಾಗಿ ಇರುತ್ತದೆ. ನಾನು ಸದ್ಯಕ್ಕೆ 'ಕೀಲಿಗೆ ಹಾಕುವ ಎಣ್ಣೆ'ಯ ಕಡೆಗೇ ವಾಲಿದ್ದೇನೆ. ಬಾಗಿಲ ಕೀಲಿಗೆ ಹಾಕುವ ತಿಳಿ ಎಣ್ಣೆಯನ್ನೂ ನಿಮ್ಮಲ್ಲಿ ಕೀಲೆಣ್ಣೆ ಅನ್ನುತ್ತಾರೆಯೇ? ಅಂದರೆ ನನ್ನ ಮಾತು ಗೆದ್ದ ಹಾಗೆ. ಕಪ್ಪು ಎಣ್ಣೆಗೆ ಮಾತ್ರ ಆ ಹೆಸರು ಅಂತಾದರೆ ಟಾರಿನವರ ಮಾತಿಗೆ ತೂಕ ಬರುತ್ತದೆ.

ಸೂರುತಗಡಿನ ಬಗ್ಗೆಯೂ ಮುಚ್ಚುಮರೆ ಇಲ್ಲದೆ ಹೇಳಿ. ಓದಿದ ಕೂಡಲೇ ಮನೆಯ ಮಾಡಿಗೆ ಹೊದಿಸುವ ಶೀಟೇ ಕಣ್ಣಿಗೆ ಬಂದರೆ ಅದು ಸೋತಿತು, ಬೇರೆ ಹುಡುಕುತ್ತೇನೆ.